ಸಮುದ್ರದಾಚೆಯ ಚುಕ್ಕಿ

ಇರುವ ಊರನ್ನು ಮರೆಮಾಚಿ ಬೇರೆ ದೇಶ ತೋರಿಸುವ ಬ್ರೌಸರಿನ ವಿಪಿಎನ್ ಅನ್ನು ತಂಗಿ ಆಫ್ ಮಾಡಿದಳು. ಪಕ್ಕದಲ್ಲಿದ್ದ ಅವಳ ಫೋನಿನಲ್ಲಿ, ಸಮುದ್ರದಾಚೆಯ ದೇಶದ ಮೇಲಿದ್ದ ಹಸಿರು ಚುಕ್ಕಿ ಆರಿಹೋಯಿತು. ಮರುಕ್ಷಣ ಅದು ಇದೇ ಊರಿನ ಮೇಲೆ ಹೊತ್ತಿಕೊಂಡಿತು.

ಲ್ಯಾಪ್‌ಟಾಪ್ ಅಕ್ಕನದು. ಕರೆಂಟ್ ಬಿಲ್ಲಿನ ಪುಟ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತಿದೆ, ಸ್ವಲ್ಪ ನೋಡೇ ಎಂದು ಅಕ್ಕನೇ ಕೊಟ್ಟಿದ್ದಳು. ಚುಕ್ಕಿ ಮಾತ್ರ, ತಂಗಿ ಹೊಲಿದ ಬಟ್ಟೆಗಳ ಫೋಟೋ ಕೆಳಗೆ ದಿನವೂ ವಿಷ ಕಾರುತ್ತಿದ್ದವನದು. ‘ಒಂದೇ ಒಗೆತಕ್ಕೆ ಹೊಲಿಗೆ ಬಾಯಿ ಬಿಡುತ್ತೆ’ ಎಂದು ಅವನು ಬರೆದ ಮೇಲೆ ಮದುವೆ ಗೌನಿನ ಆರ್ಡರೂ ಕೈತಪ್ಪಿತ್ತು. ತನ್ನ ಅಂಗಡಿಯ ಪುಟವನ್ನು ಯಾರು ಎಲ್ಲಿಂದ ನೋಡುತ್ತಿದ್ದಾರೆಂದು ತೋರಿಸುವ ಈ ನಕ್ಷೆಯನ್ನು ಅವಳು ನಿನ್ನೆಯಷ್ಟೇ ಹಾಕಿಸಿಕೊಂಡಿದ್ದಳು. ಅಕ್ಕನಿಗೂ ಹೇಳಿರಲಿಲ್ಲ.

ತಂಗಿ ವಿಪಿಎನ್ ಮತ್ತೆ ಆನ್ ಮಾಡಿದಳು, ಚುಕ್ಕಿ ಸಮುದ್ರ ದಾಟಿತು. ಆಫ್ ಮಾಡಿದಳು, ಮನೆಗೆ ಬಂತು. ಬಿಲ್ಲಿನ ಪುಟದ ಹಿಂದೆ ತನ್ನದೇ ಅಂಗಡಿಯ ಪುಟ ತೆರೆದಿತ್ತು. ಹೊಸ ನೀಲಿ ಫ್ರಾಕಿನ ಕೆಳಗೆ ಇನ್ನೂ ಕಳಿಸದ ಅರ್ಧ ಸಾಲಿತ್ತು: ‘ಇವಳಿಗೆ ಸೂಜಿ ಹಿಡಿಯೋದು ಕಲಿಸಿದವರು...’

ಕಲಿಸಿದವಳು ಬಟ್ಟೆ ತೊಡಿಸಿ ನೋಡುವ ಗೊಂಬೆಯ ಮುಂದೆ ಮಂಡಿಯೂರಿ ಅದೇ ಫ್ರಾಕಿನ ಅಂಚು ಮಡಿಸುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿದಳು, “ಆ ದರಿದ್ರದವನು ಇವತ್ತೂ ಏನಾದ್ರೂ ಬರೆದ್ನೇನೇ? ಮನಸ್ಸಿಗೆ ಹಚ್ಕೋಬೇಡ. ಎಲ್ಲೋ ದೂರದಲ್ಲಿರೋನು.”

“ಇನ್ನೂ ಪೂರ್ತಿ ಬರೆದಿಲ್ಲ ಅಕ್ಕಾ” ಎನ್ನುತ್ತಾ ತಂಗಿ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದಳು.