ಆರಿಸುವ ಮುನ್ನ ಪದ್ದಜ್ಜಿ

ಎಲ್ಲರ ಮನೆಯ ಸತ್ತ ಹಿರಿಯರಂತೆ ಪದ್ದಜ್ಜಿಯೂ ಕಂಪ್ಯೂಟರಿನಲ್ಲಿದ್ದಳು. ಈಗ ಅದರ ಫ್ಯಾನ್ ನಿಂತಿತ್ತು, ಆರಿಸದಿದ್ದರೆ ಸುಟ್ಟುಹೋಗುತ್ತಿತ್ತು. ಆರಿಸಿದರೆ ಅಜ್ಜಿ ತನ್ನ ನಕಲಿರುವ ಹಳೆಯ ಟೇಪಿನಿಂದಲೇ ಮರಳಬೇಕು. ಆದರೆ ಆಯುಧಪೂಜೆಗೆಂದು ಬಿಚ್ಚಿ, ಒರೆಸಿ, ಕುಂಕುಮವಿಟ್ಟು ಮತ್ತೆ ಜೋಡಿಸಿದ ಟೇಪ್ ಡ್ರೈವನ್ನು ಕಂಪ್ಯೂಟರ್ ಗುರುತಿಸುತ್ತಲೇ ಇರಲಿಲ್ಲ. ಮೊಮ್ಮಗಳು ನಾಗವೇಣಿ ಕೇಬಲ್ ಬದಲಿಸಿದ್ದೂ ದಂಡವಾಯಿತು.

"ಮೊದ್ಲು ಡ್ರೈವ್ ಆನ್ ಮಾಡಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿದ್ರೆ ಸಿಗಬಹುದು ಕಣೇ" ಎಂದಳು ಅಜ್ಜಿ.

"ಸಿಗದೇ ಹೋದ್ರೆ ಅಜ್ಜಿ?"

ಅಜ್ಜಿ ಮಾತು ತಿರುಗಿಸಿದಳು. "ಹೋದ್ವರ್ಷ ನನ್ನನ್ನ ಆರಿಸಿದ್ದು ಆ ಹಳೇ ಟೇಪಲ್ಲಿಲ್ಲ, ಅದ್ಕೇ ನಂಗೆ ನೆನಪಿಲ್ಲ. ಆಗ ನಾನು ಹೆದರಿದ್ನಾ?"

"ಇಲ್ಲಜ್ಜಿ. ನೀನು ನಗ್ತಾನೇ ಇದ್ದೆ."

ಹೋದ ವರ್ಷ ಅಜ್ಜಿ "ಬೇಡ ಕಣೇ, ಬೇಡ" ಎಂದು ಚೀರಿದ್ದು ನಾಗವೇಣಿಯ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವಳು ಬೆರಳನ್ನು ಸ್ವಿಚ್ಚಿನ ಮೇಲಿಟ್ಟಳು.

ಅಜ್ಜಿ ನಗಲು ಪ್ರಯತ್ನಿಸಿದಳು.