ತೋಳಕ್ಕೊಂದು ಕೊಂಬು

“ಪುಟ್ಟೀ, ಎಡತೋಳು ನೋಯ್ತಿದೆ ಕಣೇ.”

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕನ್ನಡಕದ ಕಡ್ಡಿಗೆ ಸಾಸಿವೆಗಿಂತ ಚಿಕ್ಕ ತಿರುಪು ಕೂರಿಸುತ್ತಿದ್ದ ಪುಟ್ಟಿಗೆ ನಗು ತಡೆಯಲಾಗಲಿಲ್ಲ. ತಲೆಯೆಲ್ಲ ನರೆತರೂ ಅತ್ತಿಗೆಗೆ ಅವಳಿನ್ನೂ ಪುಟ್ಟಿಯೇ.

“ಎಡತೋಳಾ? ಹಾಗಾದ್ರೆ ಅತ್ತ ಎಸೀರಿ ಅತ್ತಿಗೆ. ಕಣ್ಣು ಯಾಕೆ ಹಾಳು ಮಾಡ್ಕೋತೀರಿ?”

ಆ ಕಡೆಯಿಂದ “ಹೂಂ...” ಎಂದಷ್ಟೇ ಕೇಳಿಸಿತು. ಲೈನ್ ಕಟ್ಟಾಯಿತು. ಅಂಗಡಿಯ ಸ್ಟೂಲಿನ ಮೇಲೆ ಗಿರಾಕಿ ಕಾಯುತ್ತಿದ್ದ. ಪುಟ್ಟಿ ನಗುನಗುತ್ತಲೇ ಮತ್ತೆ ತಿರುಪಿನ ಮೇಲೆ ಬಗ್ಗಿದಳು.

ಅತ್ತಿಗೆ ಮದುವೆಯಾಗಿ ಬಂದಾಗ ಪುಟ್ಟಿ ಎರಡು ಜಡೆಯ ಹುಡುಗಿ. ಅತ್ತಿಗೆಯ ಪೆಟ್ಟಿಗೆಯಲ್ಲಿ, ಮಡಿಸಿದ ಬಟ್ಟೆಗಳ ಅಡಿಯಲ್ಲಿ ಇದ್ದದ್ದು ಬರೀ ಕಾದಂಬರಿಗಳು: ಹಗಲು ಮನುಷ್ಯನಾಗಿದ್ದು ಹುಣ್ಣಿಮೆಗೆ ತೋಳವಾಗುವವನು, ಎಲ್ಲ ಗೊತ್ತಿದ್ದೂ ಅವನಿಗೆ ಮನಸೋತವಳು. ಅದರಲ್ಲೊಂದು ಅಮ್ಮನ ಕೈಗೆ ಸಿಕ್ಕಿದ ದಿನ ಮನೆ ರಣರಂಗ! “ಪ್ರೀತಿ ಮಾಡೋಕೆ ಮನುಷ್ಯರೇ ಸಿಗಲಿಲ್ಲವಾ ಇವಳಿಗೆ? ಇನ್ನು ಈ ಮನೆಯಲ್ಲಿ ತೋಳ ಅನ್ನೋ ಮಾತು ನನ್ನ ಕಿವಿಗೆ ಬೀಳಕೂಡದು!” ಎಂದು ಅಮ್ಮ ಅಪ್ಪಣೆ ಕೊಟ್ಟಳು.

ಅತ್ತಿಗೆ ಅಂತಿಂಥವಳಲ್ಲ. ಅತ್ತೆಯ ಮಾತು ಮೀರದೆ, ತೋಳಕ್ಕೊಂದು ಕೊಂಬು ಹಚ್ಚಿ ತೋಳು ಮಾಡಿಬಿಟ್ಟಳು. “ಪುಟ್ಟೀ, ಬಲತೋಳು ನೋಯ್ತಿದೆ” ಎಂದರೆ ಒಳ್ಳೇ ಪುಸ್ತಕ ಸಿಕ್ಕಿದೆ, ಓಡಿ ಬಾ ಎಂದರ್ಥ. ಎಡತೋಳು ಎಂದರೆ ದಂಡ, ಮುಟ್ಟಬೇಡ. ಪಾಪ, ಅಮ್ಮ ಎಣ್ಣೆ ಬಿಸಿ ಮಾಡಿ ತಂದು ಸೊಸೆಯ ತೋಳು ತಿಕ್ಕುತ್ತಿದ್ದಳು. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಎಣ್ಣೆಗೈಯಲ್ಲೇ ಹಾಳೆ ಮಗುಚುತ್ತ ಅತ್ತಿಗೆ ಬುದ್ಧಿ ಹೇಳುವಳು: “ಹುಲಿಯಾಗೋನ ಕಥೆ ಓದ್ಬೇಡ, ಬರೀ ಜಂಬ. ಕರಡಿಯಾಗೋನಂತೂ ಬೇಡವೇ ಬೇಡ. ಚಳಿಗಾಲವೆಲ್ಲ ಗೊರಕೆ ಹೊಡೀತಾನೆ, ಥೇಟ್ ನಿಮ್ಮಣ್ಣನ ಹಾಗೆ. ಓದಿದ್ರೆ ತೋಳದ್ದೇ ಓದು. ಒಬ್ಬಳು ಅಂದ್ರೆ ಸಾಯೋವರೆಗೂ ಅವಳೇ.”

ಎಂಥ ದಿನಗಳು ಅವು! ಕೊನೆಗಾಲದಲ್ಲಿ ಕಣ್ಣು ಮಂಜಾದ ಅಮ್ಮ ಹಾಸಿಗೆಯಿಂದಲೇ, “ನಂಗೂ ಸ್ವಲ್ಪ ತೋಳು ನೋಯ್ತಿದೆ ಕಣ್ರೇ, ಇಲ್ಲೇ ಕೂತು ಓದಿ” ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ಕಳ್ಳಿ, ಅವಳಿಗೆ ಎಂದಿನಿಂದ ಗೊತ್ತಿತ್ತೋ! ಅಮ್ಮ ಹೋದ ಮೇಲೆ ಗುಟ್ಟು ಯಾರಿಗೂ ಬೇಕಿರಲಿಲ್ಲ, ಆದರೂ ಆ ಮಾತು ಬಿಡಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ತಿರುಪು ಕೂತಿತು. ಗಾಜು ಒರೆಸುವ ಬಟ್ಟೆಗಾಗಿ ಪುಟ್ಟಿ ಡ್ರಾಯರ್ ಎಳೆದಳು. ಬಟ್ಟೆಯ ಪಕ್ಕದಲ್ಲಿ, ಹೊಸ ಪುಸ್ತಕದ ರಕ್ಷಾಪುಟದ ಮೇಲೆ ಒಂದು ತೋಳ ಹಳದಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ಬೆಳಿಗ್ಗೆ ತಾನೇ ಕೊಂಡಿದ್ದು, ಸಂಜೆ ಅತ್ತಿಗೆಗೆ ಕೊಡಬೇಕೆಂದಿದ್ದಳು. ಹಿಂದಿನದನ್ನು ಅತ್ತಿಗೆ ನಿನ್ನೆಯೇ ಓದಿ ಮುಗಿಸಿ, “ಬಲತೋಳು ಬಿದ್ದೇ ಹೋಯ್ತು ಕಣೇ!” ಎಂದು ಹೊಗಳಿ ವಾಪಸು ಕೊಟ್ಟಾಗಿತ್ತು. ಈಗ ಅತ್ತಿಗೆಯ ಹತ್ತಿರ ಓದಲು ಪುಸ್ತಕವೇ ಇಲ್ಲ.

ಹಾಗಾದರೆ ಯಾವ ಎಡತೋಳು?

ಪುಸ್ತಕ ಕೈಗೆತ್ತಿಕೊಂಡಿದ್ದ ಪುಟ್ಟಿಗೆ ಥಟ್ಟನೆ ಹೊಳೆಯಿತು: ನೋಯುತ್ತಿರುವುದು ನಿಜವಾದ ತೋಳೇ! ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಯಾರಿಗೆ ಗೊತ್ತಿಲ್ಲ? ತೋಳ ನಿಜವಾಗಿ ಬಂದ ದಿನ ತಾನು ಹಲ್ಲು ಕಿರಿದಿದ್ದಳಲ್ಲ! ತಿರುಗಿ ಫೋನ್ ಮಾಡಿದರೆ ಎತ್ತುವವರಿಲ್ಲ. ಗಿರಾಕಿಯ ಕೈಗೆ ಕನ್ನಡಕ ತುರುಕಿ, ಆಂಬುಲೆನ್ಸಿನವರಿಗೆ ವಿಳಾಸ ಹೇಳುತ್ತಲೇ, ಚಪ್ಪಲಿಯೂ ಇಲ್ಲದೆ ಪಕ್ಕದ ಬೀದಿಯ ಅಣ್ಣನ ಮನೆಗೆ ಓಡಿದಳು. ಪುಸ್ತಕ ಕೈಯಲ್ಲೇ ಉಳಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಅತ್ತಿಗೆ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಮುಖವೆಲ್ಲ ಬೆವರು.

“ನಿಮ್ಮಣ್ಣ... ಗಡ್ಡ ತೆಗೆಸೋಕೆ ಹೋಗಿದಾರೆ. ನೀನು ಪುಸ್ತಕದ ವಿಷ್ಯ ಅಂದ್ಕೊಂಡ್ಯೇನೋ ಅಂತ...”

“ಮಾತಾಡ್ಬೇಡಿ ಅತ್ತಿಗೆ, ನಿಮ್ಮ ದಮ್ಮಯ್ಯ.”

ಮಾರನೆಯ ದಿನ ಮಧ್ಯಾಹ್ನ ಡಾಕ್ಟರು, “ಇನ್ನು ಭಯವಿಲ್ಲ, ಸರಿಯಾದ ಹೊತ್ತಿಗೆ ತಂದಿರಿ” ಎಂದರು. ಅತ್ತಿಗೆ ಕಣ್ಣು ಬಿಟ್ಟಳು. ಪುಟ್ಟಿಯ ತೊಡೆಯ ಮೇಲಿದ್ದ ಹಳದಿ ಕಣ್ಣಿನ ತೋಳವನ್ನು ನೋಡಿ ತುಟಿ ಅರಳಿಸಿದಳು.

“ಪುಟ್ಟೀ, ಬಲತೋಳು ನೋಯ್ತಿದೆ ಕಣೇ.”

ನರ್ಸ್ ಗಾಬರಿಯಿಂದ ಓಡಿಬಂದಳು. “ಯಾವಾಗಿಂದ ಅಮ್ಮಾ?”

“ಮದುವೆಯಾಗಿ ಬಂದಾಗಿಂದ” ಎಂದಳು ಪುಟ್ಟಿ, ಕಣ್ಣೊರೆಸಿಕೊಂಡು ಪುಸ್ತಕ ಬಿಡಿಸುತ್ತ.

ಅತ್ತಿಗೆ ಮಾತ್ರ ಪುಸ್ತಕದ ಕಡೆ ನೋಡುತ್ತಿರಲಿಲ್ಲ. ಮಂಚದ ಇನ್ನೊಂದು ಬದಿಯಲ್ಲಿ ಅಣ್ಣ ಕೂತಿದ್ದ. ಸುದ್ದಿ ಕೇಳಿ ಕ್ಷೌರದ ಕುರ್ಚಿಯಿಂದ ಎದ್ದು ಓಡಿಬಂದವನ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ತುಂಬ ಗಡ್ಡ. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಮನೆಗೆ ಹೋಗಿ ಮಲಗಿ ಎಂದ ನರ್ಸಿನ ಮೇಲೆ ಗುರ್ರೆಂದಿದ್ದ.

ಅತ್ತಿಗೆ ನಾದಿನಿಯ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

“ಇಷ್ಟು ವರ್ಷ ಕರಡಿ ಅಂದ್ಕೊಂಡಿದ್ದೆ ಕಣೇ.”