ಎಲೆ ಹಾಕಿಕೊಂಡ ಮೇಲೆ

ನಿವೃತ್ತ ಪ್ರೊಫೆಸರ್ ಮರಿಬಸಪ್ಪ ಸಂಶೋಧನಾ ಅನುದಾನದ ಅರ್ಜಿಯನ್ನು ಮೇಜಿನ ಮೇಲಿಟ್ಟು, ವಿಭಾಗದ ಮುಖ್ಯಸ್ಥೆ ಅಕ್ಕನಾಗಮ್ಮನ ಎದುರು ನಿಂತೇ ಇದ್ದರು.

"ಇವತ್ತೇ ಕಡೀ ದಿನ ಐತಿ. ಐದಕ್ಕ ಟಪಾಲು ಹೋಗಿಬಿಡ್ತೈತಿ. ಒಂದು ಸಹಿ ಹಾಕಿಬಿಡವ್ವ."

"ಕುಂದರ್ರಿ ಸರ್. ಎಲಿ ಹಾಕ್ಕೊಂಡು ಮಾಡ್ತೀನಿ."

ಆ ಮಾತು ಅವರದೇ. ಎಪ್ಪತ್ತೊಂದನೇ ಇಸವಿಯಲ್ಲಿ, ಇವಳ ಫೆಲೋಶಿಪ್ ಅರ್ಜಿಗೆ ಸಹಿ ಬೇಕಿದ್ದ ಸಂಜೆ, ಈಗ ಅವಳು ಕೂತಿರುವ ಇದೇ ಮುಖ್ಯಸ್ಥರ ಕುರ್ಚಿಯಲ್ಲಿ ಕೂತು ಟಪಾಲು ಹೋಗುವವರೆಗೂ ಎಲೆ ಮೆದ್ದಿದ್ದರು. ಆ ಫೆಲೋಶಿಪ್ ಅವರ ತಂಗಿಯ ಮಗನಿಗೆ ಸಿಕ್ಕಿತ್ತು.

ಅವರು ಬರುವರೆಂದು ತಿಳಿದು ಬೆಳಿಗ್ಗೆಯೇ ಬ್ರೂಸ್‌ಪೇಟೆಯ ಅಂಗಡಿಯಿಂದ ತರಿಸಿದ್ದ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ ಅಕ್ಕನಾಗಮ್ಮ ಬಾಯಿಗಿಟ್ಟುಕೊಂಡಳು. ಮರಿಬಸಪ್ಪ ಗಡಿಯಾರ ನೋಡಿದರು. ಎಂದೂ ಎಲೆ ಹಾಕಿ ಗೊತ್ತಿಲ್ಲದ ಅವಳ ನಾಲಿಗೆ ಸುಣ್ಣಕ್ಕೆ ಸುಟ್ಟು, ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ. ನಿಧಾನವಾಗಿ ಇನ್ನೊಂದು ಎಲೆ ಎತ್ತಿಕೊಂಡಳು.